ಅಜ್ಜನ .315 ರೈಫಲ್: ಟ್ರಿಗರ್ ಬದಲಿಸಬೇಕಾ, ರಿಪೇರಿ ಸಾಕಾ?

ಸಾಗರದ ಹುಡುಗ, ಕೋಥ್ರೂಡ್

ಎಲ್ಲರಿಗೂ ನಮಸ್ಕಾರ. ಕೋವಿ ವಿಷಯ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಅಜ್ಜನ ಹತ್ತಿರ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ಬೋಲ್ಟ್ ರೈಫಲ್ ಇತ್ತು, ಅಂದರೆ ಪ್ರತಿ ಈಡಿಗೂ ಹಿಡಿಕೆ ಹಿಡಿದು ಕಬ್ಬಿಣದ ಬೋಲ್ಟನ್ನು ಹಿಂದೆ ಮುಂದೆ ಎಳೆಯುವಂಥದ್ದು. ಬೆಳೆ ಕಾಯುವುದಕ್ಕೆ ತೆಗೆದುಕೊಂಡ ಲೈಸೆನ್ಸ್. ಮೇಲೆ ಅಡಿಕೆ ತೋಟ, ಕೆಳಗೆ ಗದ್ದೆ, ರಾತ್ರಿಯಾದರೆ ಹಂದಿ ಕಾಟ. ಅಜ್ಜ ಹೋದ ಮೇಲೆ ವಾರಸುದಾರ ಅಂತ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ಕೋವಿ ನನ್ನ ಜೊತೆ ಪುಣೆಗೆ ಬಂದು ಒಂದೂವರೆ ವರ್ಷ.

ಊರಲ್ಲಿದ್ದಾಗ ಟ್ರಿಗರ್ ಚೆನ್ನಾಗಿತ್ತು. ಮೊದಲು ಸ್ವಲ್ಪ ದೂರ ಸಲೀಸಾಗಿ ಬರುತ್ತಿತ್ತು, ಆಮೇಲೆ ಒಂದು ತಡೆ, ಅದನ್ನು ದಾಟಿದರೆ ಈಡು. ಅಜ್ಜ ಹೇಳುತ್ತಿದ್ದರು, "ತಡೆ ಸಿಕ್ಕಿದ ಮೇಲೆ ಉಸಿರು ಹಿಡಿ" ಅಂತ. ಈಗ ಆ ಸಲೀಸು ಭಾಗ ಹೋಗೇ ಬಿಟ್ಟಿದೆ. ಬೆರಳಿಟ್ಟ ತಕ್ಷಣ ತಡೆ. ಒಂದು ಸಲ ಭಾರ, ಇನ್ನೊಂದು ಸಲ ತುಂಬಾ ಹಗುರ. ಒಂದೇ ಥರ ಇಲ್ಲ.

ಹೊರದೇಶದ ಟ್ರಿಗರ್ ಸಿಗುತ್ತದಂತೆ, ಸ್ಕ್ರೂ ತಿರುಗಿಸಿ ಎಳೆತದ ತೂಕ ಹೊಂದಿಸಿಕೊಳ್ಳಬಹುದಂತೆ. ಅದನ್ನು ತರಿಸಿ ಹಾಕಿಸಲಾ? ಅಥವಾ ಹಳೆಯದನ್ನೇ ಉಜ್ಜಿಸಿ ನಯ ಮಾಡಿಸಲಾ?

ಹುಬ್ಳಿ ಟು ವಾಸ್ಕೋ

ಟಿಮ್ನಿ ಕಂಪನಿಯದು ತರಿಸ್ರಿ. 1946ರಿಂದ ಬರೀ ಟ್ರಿಗರ್ ಮಾಡಿಕೊಂಡು ಬಂದವರು. ಜರ್ಮನಿಯ ಮೌಸರ್ ರೈಫಲಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಹಳೇದನ್ನು ತೆಗೆದು ಹೊಸದು ಹಾಕಿದರೆ ಮುಗೀತು.

ಡೊಂಬಿವಲಿ ಶೆಟ್ರು

ಅವರದು ಮೌಸರ್ ಅಂತ ಎಲ್ಲಿ ಹೇಳಿದ್ದಾರೆ ಮಾರಾಯ್ರೆ?

ಹುಬ್ಳಿ ಟು ವಾಸ್ಕೋ

ನಮ್ಮ ಕಡೆ ಬೋಲ್ಟ್ ಇರುವ ಕೋವಿಗೆಲ್ಲಾ ಮೌಸರ್ ಅಂತಲೇ ಅನ್ನೋದು.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಅನ್ನಬಹುದು, ಆದರೆ ಬಿಡಿಭಾಗ ತರಿಸುವಾಗ ಹಾಗೆ ಅಂದುಕೊಂಡರೆ ದುಡ್ಡು ಹೋಯಿತು ಅಂತಲೇ ಲೆಕ್ಕ.

ನಾನು ಮೂವತ್ತೆರಡು ವರ್ಷ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು. ಹದಿನೈದು ವರ್ಷದಿಂದ ಒಬ್ಬ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಜೊತೆ ಕೂತು ಈ ಕೆಲಸ ನೋಡುತ್ತಿದ್ದೇನೆ. ಇಶಾಪುರದ .315 ಅಂದರೆ ಬ್ರಿಟಿಷ್ ಸೈನ್ಯದ ಲೀ ಎನ್‌ಫೀಲ್ಡ್ ರೈಫಲಿನ ಜಾತಿ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ಗುಂಡನ್ನು ಜನ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದಕ್ಕೇ ಬೇರೆ ಅಳತೆಯ ಗುಂಡಿಗೆ ಅದೇ ಕೋವಿಯ ಮೈ ಹೊಂದಿಸಿದರು.

ಗುರುತು ಹಿಡಿಯುವುದು ಸುಲಭ. ಬೋಲ್ಟನ್ನು ಮುಂದೆ ತಳ್ಳುವಾಗ ಕೊನೆಯಲ್ಲಿ ಸ್ಪ್ರಿಂಗ್ ಬಿಗಿಯಾದರೆ ಎನ್‌ಫೀಲ್ಡ್. ಬೋಲ್ಟಿನ ಹಿಡಿಕೆ ಮೇಲಕ್ಕೆ ಎತ್ತುವಾಗಲೇ ಬಿಗಿಯಾದರೆ ಮೌಸರ್ 98. ಒಂದರ ಟ್ರಿಗರ್ ಇನ್ನೊಂದಕ್ಕೆ ಹತ್ತಿರವೂ ಸುಳಿಯುವುದಿಲ್ಲ.

ಸಾಗರದವರೇ, ಟ್ರಿಗರ್ ವಿಷಯ ಆಮೇಲೆ. ಮೊದಲು ಮೂರು ಪ್ರಶ್ನೆ. ಪುಣೆಗೆ ಬಂದ ಮೇಲೆ ಯಾವುದಾದರೂ ಸ್ಕ್ರೂ ಬಿಗಿ ಮಾಡಿದ್ದೀರಾ? ಮುಂದಿನ ಮರ, ಅಂದರೆ ನಳಿಗೆ ಕೂತಿರುವ ಮರ, ಫ್ಯಾಕ್ಟರಿಯದೇನಾ? ಯಾವ ಎಣ್ಣೆ ಹಾಕುತ್ತೀರಿ?

ವಕೀಲಮ್ಮ, ಠಾಣೆ

ತರಿಸುವ ಮಾತು ಬಂತಲ್ಲ, ಅಲ್ಲೇ ಒಂದು ನಿಮಿಷ ನಿಲ್ಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 2ರಲ್ಲಿ ಆಯುಧ ಅಂದರೆ ಏನು ಅಂತ ಬರೆದಿದೆ. ಅದರಲ್ಲಿ ಬಿಡಿಭಾಗವೂ ಸೇರಿದೆ. ಅಂದಮೇಲೆ ಟ್ರಿಗರ್ ಕೂಡ ಕಾನೂನಿನ ಕಣ್ಣಲ್ಲಿ ಆಯುಧವೇ. ಹೊರದೇಶದಿಂದ ಆಯುಧ ತರಿಸಲು ಕಲಂ 10ರ ಪ್ರಕಾರ ಬೇರೆ ಲೈಸೆನ್ಸ್ ಬೇಕು. ನಿಮ್ಮ ಕೈಯಲ್ಲಿರುವ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಆನ್‌ಲೈನಿನಲ್ಲಿ ಆರ್ಡರ್ ಮಾಡಿ ಪಾರ್ಸೆಲ್ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದರೆ, "ಚಿಕ್ಕ ಭಾಗ ಅಷ್ಟೇ ಸಾರ್" ಅನ್ನುವ ಮಾತು ಕೆಲಸಕ್ಕೆ ಬರುವುದಿಲ್ಲ.

ರಿಪೇರಿಗೂ ಕಾನೂನಿದೆ. ಕಲಂ 5ರಲ್ಲಿ ತಯಾರಿಕೆ, ಮಾರಾಟದ ಜೊತೆ ರಿಪೇರಿ, ಪರೀಕ್ಷೆ, ಬದಲಾವಣೆ ಎಲ್ಲವೂ ಇದೆ. ಆ ಕೆಲಸ ಮಾಡುವವನ ಹತ್ತಿರ ಅದರ ಲೈಸೆನ್ಸ್ ಇರಬೇಕು. ಪರಿಚಯದ ಲೇತ್ ಅಂಗಡಿಯವನ ಕೈಗೆ ಕೊಟ್ಟರೆ ಅವನೂ ಸಿಕ್ಕಿಕೊಳ್ಳುತ್ತಾನೆ, ನೀವೂ ಸಿಕ್ಕಿಕೊಳ್ಳುತ್ತೀರಿ. ಒರೆಸುವುದು, ಎಣ್ಣೆ ಹಾಕುವುದು ಮಾಲೀಕನ ಕೆಲಸ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಧಾರವಾಡ ಪೇಡೆ, ಹಡಪ್ಸರ್

ಟ್ರಿಗರಿಗೆ ಕನ್ನಡದಲ್ಲಿ ಕುದುರೆ ಅಂತಾರೆ ಅಲ್ವಾ? ನಮ್ಮ ಮುತ್ತಜ್ಜ "ಕುದುರೆ ಎಳೆದ" ಅಂತಲೇ ಹೇಳುತ್ತಿದ್ದರು.

ಕಾಡು ಉಳಿಸಿ, ಪಣಜಿ

ಒಂದು ನೇರ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತುಹೋಗಿದೆ. ಹಾಗಿರುವಾಗ ಶಿಕಾರಿ ಕೋವಿಯ ಟ್ರಿಗರನ್ನು ಚೆನ್ನಾಗಿ ಮಾಡಿಕೊಂಡು ಏನು ಮಾಡುತ್ತೀರಿ? ಅದೂ ಕೋಥ್ರೂಡಿನ ಫ್ಲ್ಯಾಟಿನಲ್ಲಿ?

ಸಾಗರದ ಹುಡುಗ, ಕೋಥ್ರೂಡ್

ಬೇಜಾರಿಲ್ಲ. ನಾನು ಶಿಕಾರಿಗೆ ಹೋಗುವವನಲ್ಲ. ಅಜ್ಜ ಕೂಡ ಕೊನೆಯ ಇಪ್ಪತ್ತು ವರ್ಷ ಅದರಿಂದ ಒಂದು ಪ್ರಾಣಿಗೂ ಈಡು ಹೊಡೆದಿಲ್ಲ. ಹಂದಿ ಬಂದರೆ ಡಬ್ಬ ಬಡಿಯುತ್ತಿದ್ದರು. ಈ ಕೋವಿ ಅವರ ಕೈಯಲ್ಲಿ ಐವತ್ತು ವರ್ಷ ಇತ್ತು. ಆಯುಧಪೂಜೆಗೆ ಕುಂಕುಮ ಹಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಅದು ಕೆಟ್ಟು ಕೂತಿರುವುದನ್ನು ನೋಡಲು ಆಗುತ್ತಿಲ್ಲ. ಮನೆಯಲ್ಲಿ ಇರುವ ಕೋವಿಯ ಟ್ರಿಗರ್ ನಂಬುವ ಹಾಗೆ ಇರಬೇಕು ಅಂತಲೂ ಆಸೆ.

ಕಾಕಾ, ನಿಮ್ಮ ಪ್ರಶ್ನೆಗೆ ಉತ್ತರ. ಹೌದು, ಹೋದ ಏಪ್ರಿಲಿನಲ್ಲಿ ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರ್ ಸುತ್ತ ಇರುವ ಕಬ್ಬಿಣದ ಪಟ್ಟಿಯ, ಮುಂದಿನ ಸ್ಕ್ರೂ ಸಡಿಲ ಆಗಿತ್ತು. ಒಂದೂವರೆ ಸುತ್ತು ಬಿಗಿ ಮಾಡಿದೆ. ಮುಂದಿನ ಮರ ಫ್ಯಾಕ್ಟರಿಯದಲ್ಲ. ನಾನು ಹುಟ್ಟುವ ಮೊದಲೇ ಸೀಳಿತ್ತಂತೆ, ಊರಿನ ಆಚಾರಿ ಹಲಸಿನ ಮರದಲ್ಲಿ ಮಾಡಿಕೊಟ್ಟಿದ್ದು. ಹಿಂದಿನ ಹಿಡಿ ಮೊದಲಿನದೇ. ಎಣ್ಣೆ ಅಂದರೆ ಕೊಬ್ಬರಿ ಎಣ್ಣೆ. ಅಜ್ಜ ಹಾಕುತ್ತಿದ್ದದ್ದೇ ಅದು.

ಟೂಲ್‌ರೂಮ್ ಕಾಕಾ, ಪಿಂಪ್ರಿ

ನಾನು ಅಂದುಕೊಂಡಿದ್ದೇ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಈ ಜಾತಿಯ ಕೋವಿಯಲ್ಲಿ ಸಿಯರ್ ಇರುವುದು ಮೇಲೆ, ಕಬ್ಬಿಣದ ಮೈಯಲ್ಲಿ. ಬೋಲ್ಟಿನ ಹಿಂದೆ ಕಾಕಿಂಗ್ ಪೀಸ್ ಅಂತ ಒಂದು ತುಂಡು ಇರುತ್ತದೆ, ಅದು ಮುಂದೆ ಹಾರಿದರೆ ಈಡು. ಹಿಂದಕ್ಕೆ ಎಳೆದು ನಿಂತಿರುವ ಆ ಕಾಕಿಂಗ್ ಪೀಸನ್ನು ತಡೆದು ಹಿಡಿಯುವ ಕೊಕ್ಕೆ ಸಿಯರ್. ಟ್ರಿಗರ್ ಮಾತ್ರ ಅಲ್ಲಿಲ್ಲ. ಅದನ್ನು ಕೆಳಗಿನ ಗಾರ್ಡಿಗೆ ಪಿನ್ ಹೊಡೆದು ಕೂರಿಸಿದ್ದಾರೆ. ಮೇಲೆ ಸಿಯರ್, ಕೆಳಗೆ ಟ್ರಿಗರ್, ಎರಡರ ನಡುವೆ ಸ್ಯಾಂಡ್‌ವಿಚ್ ಥರ ಮರ. ಮರ ಉಬ್ಬಿದರೆ ಟ್ರಿಗರ್ ಸಿಯರಿನಿಂದ ದೂರ ಹೋಗುತ್ತದೆ. ಮರ ಒಣಗಿ ಕುಗ್ಗಿದರೆ ಹತ್ತಿರ ಬರುತ್ತದೆ. ನೀವು ಟ್ರಿಗರ್ ಕೆಟ್ಟಿದೆ ಅನ್ನುತ್ತೀರಿ. ಕೆಟ್ಟಿರುವುದು ಅದು ಕೂತಿರುವ ಜಾಗ.

ಟ್ರಿಗರಿನ ತಲೆ ನೋಡಿ. ಎರಡು ಉಬ್ಬು ಇರುತ್ತವೆ. ಬೆರಳು ಎಳೆದಾಗ ಮೊದಲನೇ ಉಬ್ಬು ಸಿಯರನ್ನು ಮುಟ್ಟಿ ಕೆಳಗೆ ತರುತ್ತದೆ. ನೀವು ಸಲೀಸು ಅಂದದ್ದು ಇದನ್ನೇ. ಆಮೇಲೆ ಎರಡನೇ ಉಬ್ಬು ಮುಟ್ಟುತ್ತದೆ, ಬೆರಳಿಗೆ ತಡೆ ಸಿಗುತ್ತದೆ. ಆ ಹೊತ್ತಿಗೆ ಸಿಯರ್ ಮುಕ್ಕಾಲು ಪಾಲು ಇಳಿದಿರುತ್ತದೆ. ಇನ್ನೊಂದು ಕೂದಲೆಳೆ ಇಳಿದರೆ ಕಾಕಿಂಗ್ ಪೀಸ್ ಬಿಡುಗಡೆ. ಸೈನ್ಯದ ಎನ್‌ಫೀಲ್ಡಿಗೆ ಮೊದಲ ಎಳೆತ 3ರಿಂದ 4 ಪೌಂಡ್, ಎರಡನೆಯದು 5ರಿಂದ 6.5 ಪೌಂಡ್ ಅಂತ ಇಟ್ಟಿದ್ದರು. ಕಿಲೋ ಲೆಕ್ಕದಲ್ಲಿ ಎರಡನೆಯದು 2.3ರಿಂದ 2.9.

ಈಗ ನಿಮ್ಮ ಕೋವಿ. ಸಾಗರದ ಮಳೆಯಲ್ಲಿ ಬೆಳೆದ ಹಲಸಿನ ಮರ. ಅಲ್ಲಿ ತೇವ ಕುಡಿದು ಉಬ್ಬಿಕೊಂಡೇ ಇತ್ತು. ಪುಣೆಯ ಏಪ್ರಿಲ್ ಬಿಸಿಲಿಗೆ ಒಣಗಿ ಕುಗ್ಗಿತು. ಸ್ಕ್ರೂ ಸಡಿಲ ಆಯಿತು. ನೀವು ಬಿಗಿ ಮಾಡಿದಿರಿ. ಗಾರ್ಡ್ ಮೇಲಕ್ಕೆ ಸರಿಯಿತು. ಟ್ರಿಗರ್ ಈಗ ಬೆರಳು ಇಡುವ ಮೊದಲೇ ಸಿಯರನ್ನು ಒತ್ತಿಕೊಂಡಿದೆ. ಮೊದಲ ಎಳೆತ ಹೋಗಿದ್ದಕ್ಕೆ ಕಾರಣ ಇದೇ. ಬೆರಳು ಮಾಡಬೇಕಾದ ಕೆಲಸವನ್ನು ಸ್ಕ್ರೂ ಮಾಡಿಬಿಟ್ಟಿದೆ.

ಫ್ಯಾಕ್ಟರಿ ಇದಕ್ಕೆ ಒಂದು ಉಪಾಯ ಇಟ್ಟಿತ್ತು. ಆ ಮುಂದಿನ ಸ್ಕ್ರೂ ಹೋಗುವ ತೂತಿನಲ್ಲಿ, ಮರದ ಒಳಗೆ, ಒಂದು ಉಕ್ಕಿನ ಬುಷ್, ಅಂದರೆ ಚಿಕ್ಕ ಕೊಳವೆಯಂಥ ತುಂಡು, ಇರುತ್ತದೆ. ಸ್ಕ್ರೂ ಎಷ್ಟೇ ಬಿಗಿ ಮಾಡಿ, ಗಾರ್ಡ್ ಹೋಗಿ ಬುಷ್ಷಿಗೆ ತಾಗಿ ನಿಲ್ಲಬೇಕು. ಆಚಾರಿ ಮರ ಮಾಡುವಾಗ ಹಳೇ ಮರದಿಂದ ಆ ಬುಷ್ ತೆಗೆದು ಹಾಕಿಲ್ಲ ಅಂತ ನನ್ನ ಅನುಮಾನ.

ಒಂದು ಪರೀಕ್ಷೆ ಇದೆ. ತೋಟೆಗಳೆಲ್ಲಾ ಬೇರೆ ಕೋಣೆಯಲ್ಲಿರಲಿ. ಮ್ಯಾಗಜಿನ್ ತೆಗೆದು, ನಳಿಗೆಯೊಳಗೆ ಕಣ್ಣಿಟ್ಟು ಖಾಲಿ ಅಂತ ಎರಡು ಸಲ ನೋಡಿ. ಆಮೇಲೆ ಬೋಲ್ಟನ್ನು ಜೋರಾಗಿ ಮುಂದೆ ತಳ್ಳಿ ಮುಚ್ಚಿ. ಹತ್ತು ಸಲ. ಟ್ರಿಗರಿನ ಹತ್ತಿರ ಬೆರಳು ಬೇಡ. ಒಂದು ಸಲವಾದರೂ ಕಾಕಿಂಗ್ ಪೀಸ್ ತಾನಾಗಿ ಮುಂದೆ ಬಿದ್ದರೆ ಆ ಕೋವಿಗೆ ತೋಟೆ ತೋರಿಸಲೇಬೇಡಿ.

ಹುಬ್ಳಿ ಟು ವಾಸ್ಕೋ

ಇಷ್ಟೆಲ್ಲಾ ಯಾಕೆ? ಸಿಯರನ್ನು ಎಣ್ಣೆಕಲ್ಲಿನ ಮೇಲೆ ಸ್ವಲ್ಪ ಉಜ್ಜಿದರೆ ಬೆಣ್ಣೆ ಥರ ಆಗುತ್ತದೆ. ನಮ್ಮ ಮಾವ ಮಾಡಿಸಿದ್ದರು.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಬೇಡ. ದಯವಿಟ್ಟು ಬೇಡ. ಇಂಥ ಭಾಗಗಳಲ್ಲಿ ಮೇಲಿನ ತೆಳುವಾದ ಪದರ ಮಾತ್ರ ಗಟ್ಟಿ ಇರುತ್ತದೆ, ಒಳಗೆ ಮೆತ್ತನೆಯ ಕಬ್ಬಿಣ. ಕಲ್ಲಿನಲ್ಲಿ ಉಜ್ಜಿ ಆ ಪದರ ಹೋಯಿತೋ, ಮೊದಲ ತಿಂಗಳು ಬೆಣ್ಣೆ. ಆಮೇಲೆ ಮೆತ್ತನೆಯ ಅಂಚು ಸವೆಯುತ್ತಾ ಹೋಗಿ ಒಂದು ದಿನ ಹಿಡಿಯುವುದೇ ಇಲ್ಲ. ಕೋನ ಒಂದು ಡಿಗ್ರಿ ತಪ್ಪಿದರೂ ಕಾಕಿಂಗ್ ಪೀಸ್ ಜಾರುವ ಕಡೆಗೆ ತಿರುಗುತ್ತದೆ.

ಸ್ಪ್ರಿಂಗನ್ನು ತೆಳು ಮಾಡುವವರೂ ಇದ್ದಾರೆ. ಈ ಕೋವಿಯಲ್ಲಿ ಸಿಯರಿಗೂ ಮ್ಯಾಗಜಿನ್ ಹಿಡಿಯುವ ಕೊಂಡಿಗೂ ಒಂದೇ ಸ್ಪ್ರಿಂಗ್. ಟ್ರಿಗರ್ ಹಗುರ ಮಾಡಲು ಹೋಗಿ ಮ್ಯಾಗಜಿನ್ ಕಾಲ ಮೇಲೆ ಬಿದ್ದದ್ದನ್ನು ನಾನೇ ನೋಡಿದ್ದೇನೆ.

ಮಡಿಕೇರಿ ಮಳೆ, ಔಂಧ್

ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ.

ನಮ್ಮ ಕಡೆ ಕೋವಿ ಇಲ್ಲದ ಮನೆ ಕಡಿಮೆ. ಕೈಲ್‌ಪೊಳ್ದ್, ಅಂದರೆ ಕೊಡಗಿನ ಆಯುಧಪೂಜೆಯ ದಿನ ಎಲ್ಲಾ ಕೋವಿಗಳನ್ನೂ ಒಟ್ಟಿಗೆ ಇಟ್ಟು ತೋಕ್‌ಪೂ ಹೂವಿಟ್ಟು ಪೂಜೆ ಮಾಡುತ್ತೇವೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ದೊಡ್ಡಪ್ಪ ತಮ್ಮ ಜೋಡಿ ನಳಿಗೆ ಕೋವಿಯ ಟ್ರಿಗರ್ ಭಾರ ಅಂತ ಒಬ್ಬನ ಹತ್ತಿರ ಉಜ್ಜಿಸಿದರು. ತುಂಬಾ ಹಗುರ ಆಯಿತು. ಎಲ್ಲರಿಗೂ ತೋರಿಸಿ ಖುಷಿಪಟ್ಟರು. ಮೂರು ತಿಂಗಳ ಮೇಲೆ ಕಾಫಿ ತೋಟದಲ್ಲಿ ಬಲ ನಳಿಗೆಯಲ್ಲಿ ಈಡು ಹೊಡೆದರು. ಆ ಹೊಡೆತದ ಅದುರಿಗೆ ಎಡ ನಳಿಗೆಯೂ ತಾನಾಗಿ ಹಾರಿತು. ಪಕ್ಕದಲ್ಲಿ ನಿಂತಿದ್ದ ನನ್ನ ಅಣ್ಣನ ಕಾಲಿನಿಂದ ಎರಡು ಅಡಿ ದೂರದಲ್ಲಿ ಮಣ್ಣು ಚಿಮ್ಮಿತು. ದೊಡ್ಡಪ್ಪ ಅಲ್ಲೇ ಕೂತುಬಿಟ್ಟರು. ಆಮೇಲೆ ಅವರು ಆ ಕೋವಿ ಮುಟ್ಟಲೇ ಇಲ್ಲ.

ಭಾರ ಇದ್ದರೆ ಗುರಿ ತಪ್ಪುತ್ತದೆ ಅಷ್ಟೇ. ಹಗುರ ಇದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದೆ.

ಹತ್ತು ಮೀಟರ್, ಮುಂಬಯಿ

ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಹಗುರ ಟ್ರಿಗರೇ ತಪ್ಪು ಅನ್ನುವುದನ್ನು ಒಪ್ಪುವುದಿಲ್ಲ. ನಾನು ವರ್ಲಿಯ ರೇಂಜಿನಲ್ಲಿ ಏರ್ ರೈಫಲ್ ಕಲಿತವಳು. ನಮ್ಮ ರೈಫಲಿನ ಟ್ರಿಗರ್ ನೂರು ಗ್ರಾಂ ಆಸುಪಾಸು ಇಟ್ಟುಕೊಳ್ಳುತ್ತೇವೆ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ, ಸ್ಪರ್ಧೆಗೆ ಮೊದಲು ತೂಕದ ಬಟ್ಟು ನೇತುಹಾಕಿ ನೋಡುತ್ತಾರೆ. ಏರ್ ರೈಫಲಿಗೆ ಕನಿಷ್ಠ ತೂಕವೇ ಇಲ್ಲ. ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲಿನಲ್ಲಿ ಕಂಚು ಗೆದ್ದರಲ್ಲ, ಆ ಆಟದಲ್ಲಿ ಎರಡು ಕಿಲೋ ಟ್ರಿಗರ್ ಇಟ್ಟುಕೊಂಡು ಯಾರೂ ಫೈನಲ್ ಕಾಣುವುದಿಲ್ಲ.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಮಗಳೇ, ನಿಮ್ಮ ರೇಂಜಿನಲ್ಲಿ ರೈಫಲ್ ಗುರಿಯ ಕಡೆಗೇ ಮುಖ ಮಾಡಿರುತ್ತದೆ. ಆದೇಶ ಬಂದ ಮೇಲೆ ಗುಂಡು ಹಾಕುತ್ತೀರಿ. ತೋಟದಲ್ಲಿ ನಡೆಯುವವನು ಬೇಲಿ ದಾಟುತ್ತಾನೆ, ಕೆಸರಿನಲ್ಲಿ ಜಾರುತ್ತಾನೆ. ಅಲ್ಲಿ ನೂರು ಗ್ರಾಂ ಟ್ರಿಗರ್ ಇಟ್ಟುಕೊಂಡರೆ ಏನು ಗತಿ?

ಹತ್ತು ಮೀಟರ್, ಮುಂಬಯಿ

ಸರಿ ಕಾಕಾ, ಅದು ಬೇರೆ ಮಾತು. ಆದರೆ ಒಂದು ಹೇಳುತ್ತೇನೆ. ತೂಕಕ್ಕಿಂತ ಮುಖ್ಯ ಪ್ರತಿ ಸಲ ಒಂದೇ ಥರ ಇರುವುದು. ಎರಡೂವರೆ ಕಿಲೋ ಇದ್ದರೂ ಪರವಾಗಿಲ್ಲ, ಒಡೆಯುವ ಜಾಗ ಬೆರಳಿಗೆ ಗೊತ್ತಿರಬೇಕು. ಸಾಗರದವರ ಅಜ್ಜ "ತಡೆ ಸಿಕ್ಕಿದ ಮೇಲೆ ಉಸಿರು ಹಿಡಿ" ಅಂದರಲ್ಲ, ನಮ್ಮ ಕೋಚ್ ಕೂಡ ಅದನ್ನೇ ಹೇಳಿಕೊಟ್ಟಿದ್ದು. ಬೆರಳಿನ ತುದಿಯ ಮೆತ್ತೆಯಲ್ಲಿ ಎಳೆಯಬೇಕು, ಗೆಣ್ಣಿನ ಮಡಿಕೆಯಲ್ಲಿ ಅಲ್ಲ. ಅರ್ಧ ದೂರು ಅಲ್ಲಿಗೇ ಕಡಿಮೆ ಆಗುತ್ತದೆ.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಇದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ.

ಡೊಂಬಿವಲಿ ಶೆಟ್ರು

ಕುದುರೆ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೇಪು ಕೋವಿಯಲ್ಲಿ ಕೇಪಿನ ಮೇಲೆ ಬಡಿಯುವ ಸುತ್ತಿಗೆಗೆ ನಮ್ಮಲ್ಲಿ ಕುದುರೆ ಅನ್ನುವುದು. ಅದನ್ನು ಹಿಂದಕ್ಕೆ ಎಳೆದು ನಿಲ್ಲಿಸಬೇಕಿತ್ತು. ಅದಕ್ಕೇ "ಕುದುರೆ ಎಳೆ".

ಧಾರವಾಡ ಪೇಡೆ, ಹಡಪ್ಸರ್

ಇಲ್ಲಿ ಮರಾಠಿಯವರೂ ಘೋಡಾ ಅಂತಾರೆ! ಬೆರಳಿನಲ್ಲಿ ಎಳೆಯುವುದಕ್ಕೆ ಚಾಪ್ ಅಂತ ಬೇರೆ ಹೆಸರು ಇದೆ. ನಮ್ಮಲ್ಲಿ ಎರಡಕ್ಕೂ ಕುದುರೆಯೇ ಆಗಿಬಿಟ್ಟಿದೆ ಅನ್ನಿಸುತ್ತದೆ.

ಡೊಂಬಿವಲಿ ಶೆಟ್ರು

ಇರಬಹುದು. ಸುತ್ತಿಗೆ ಹೋಗಿ ಬೋಲ್ಟ್ ಬಂದ ಮೇಲೆ ಹೆಸರು ಮಾತ್ರ ಉಳಿಯಿತು.

ಕಾಡು ಉಳಿಸಿ, ಪಣಜಿ

ಸಾಗರದವರ ಉತ್ತರ ಓದಿದೆ. ನಿಮ್ಮ ಭಾವನೆ ಅರ್ಥವಾಗುತ್ತದೆ. ನನ್ನ ಆತಂಕ ಇಷ್ಟೇ. ಗೋವಾದಲ್ಲೂ ಹಂದಿ, ಕೋತಿ ಕಾಟ ಅಂತ ಕೋವಿ ಇಟ್ಟುಕೊಂಡವರು ಇದ್ದಾರೆ. ಬೆಳೆಯ ಹೆಸರಿನಲ್ಲಿ ಹೊರಟ ಈಡು ಎಲ್ಲಿಗೆ ಹೋಗುತ್ತದೆ ಅಂತ ನಾನು ನೋಡಿದ್ದೇನೆ.

ವಕೀಲಮ್ಮ, ಠಾಣೆ

ಈ ಮಾತು ಸರಿಯಾಗಿದೆ, ಒಂದು ಸೇರಿಸುತ್ತೇನೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದೆ ಅಂದರೆ ಕಾಡುಪ್ರಾಣಿ ಕೊಲ್ಲುವ ಅನುಮತಿ ಇದೆ ಅಂತ ಅಲ್ಲ. ಕೋವಿ ಇಟ್ಟುಕೊಳ್ಳುವ ಕಾನೂನು ಬೇರೆ, ಪ್ರಾಣಿಯ ಕಾನೂನು ಬೇರೆ. ಎಷ್ಟೋ ಜನ ಎರಡನ್ನೂ ಒಂದು ಮಾಡಿಕೊಂಡು ಕೋರ್ಟಿಗೆ ಬಂದು ನಿಲ್ಲುತ್ತಾರೆ.

ಸಾಗರದ ಹುಡುಗ, ಕೋಥ್ರೂಡ್

ಕಾಕಾ, ನೀವು ಹೇಳಿದ ಪರೀಕ್ಷೆ ಮಾಡಿದೆ. ತೋಟೆ ಎಲ್ಲಾ ಬೀರುವಿನಲ್ಲಿ ಬೀಗ ಹಾಕಿಟ್ಟು, ಎರಡು ಸಲ ನೋಡಿ, ಬೋಲ್ಟ್ ಜೋರಾಗಿ ಮುಚ್ಚಿದೆ. ನಾಲ್ಕನೇ ಸಲ ಟಕ್ ಅಂತ ತಾನಾಗಿ ಬಿತ್ತು. ಏಳನೇ ಸಲ ಮತ್ತೆ ಬಿತ್ತು. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ.

ಕೈ ತಣ್ಣಗಾಯಿತು. ಹೋದ ತಿಂಗಳು ಇದೇ ಕೋವಿಯನ್ನು ಊರಿಗೆ ಒಯ್ದು ಎರಡು ಈಡು ಹೊಡೆದು ನೋಡಬೇಕು ಅಂತ ಅಂದುಕೊಂಡಿದ್ದೆ.

ಮಡಿಕೇರಿ ಮಳೆ, ಔಂಧ್

ಬೋಲ್ಟ್ ತೆಗೆದು ಬೇರೆ ಕಡೆ ಇಡಿ. ಇವತ್ತೇ.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಹೆದರಬೇಡಿ, ಇದು ಸರಿಹೋಗುವಂಥದ್ದೇ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋಗಿ. ನಿಮ್ಮ ಕೋವಿ ಲೈಸೆನ್ಸ್ ಜೊತೆಗಿರಲಿ. "ಟ್ರಿಗರ್ ಹಗುರ ಮಾಡಿ" ಅಂತ ಹೇಳಬೇಡಿ. "ಮುಂದಿನ ಸ್ಕ್ರೂ ಬುಷ್ ಇದೆಯಾ ನೋಡಿ, ಗಾರ್ಡ್ ಎತ್ತರ ಸರಿ ಮಾಡಿ" ಅಂತ ಹೇಳಿ.

ಎಣ್ಣೆಯ ಮಾತು ಮರೆತಿದ್ದೆ. ಕೊಬ್ಬರಿ ಎಣ್ಣೆ ನಿಲ್ಲಿಸಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಪುಣೆಯ ಡಿಸೆಂಬರಿನಲ್ಲಿ ಬೆಳಿಗ್ಗೆ ತಲೆಗೆ ಹಚ್ಚುವ ಬಾಟಲಿ ನೋಡಿ ಗೊತ್ತಿರಬೇಕಲ್ಲ. ಅದೇ ಗಟ್ಟಿ ತುಪ್ಪದಂಥದ್ದು ಸಿಯರಿನ ಸಂದಿಯಲ್ಲಿ ಕೂತಿರುತ್ತದೆ. ಐವತ್ತು ವರ್ಷದ್ದು ಅಂದರೆ ಧೂಳು ಸೇರಿ ಅಂಟಾಗಿರುತ್ತದೆ. ಒಂದು ಸಲ ಭಾರ, ಒಂದು ಸಲ ಹಗುರ ಆಗುವುದಕ್ಕೆ ಅದೂ ಸೇರಿಕೊಂಡಿರಬಹುದು.

ಹುಬ್ಳಿ ಟು ವಾಸ್ಕೋ

ಗೋವಾದಲ್ಲಿ ನಾವೂ ಕೊಬ್ಬರಿ ಎಣ್ಣೆಯೇ ಹಾಕೋದು. ಸಮುದ್ರದ ಗಾಳಿಗೆ ತುಕ್ಕು ಹಿಡಿಯಬಾರದು ಅಂತ. ಚಳಿ ಇಲ್ಲವಲ್ಲ ಇಲ್ಲಿ, ಗಟ್ಟಿ ಆಗಲ್ಲ.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಗಟ್ಟಿ ಆಗದಿದ್ದರೂ ವರ್ಷ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಗೆದುಕೊಳ್ಳಿ. ಟ್ರಿಗರಿನ ಜಾಗಕ್ಕೆ ಒಂದು ಹನಿ ಹಾಕಿ ಒರೆಸಿದರೆ ಸಾಕು. ಜಾಸ್ತಿ ಹಾಕಿದರೆ ಮರ ಕುಡಿದು ಮೆತ್ತಗಾಗುತ್ತದೆ, ಮತ್ತೆ ಗಾರ್ಡ್ ಎತ್ತರ ಹಾಳು.

ಡೊಂಬಿವಲಿ ಶೆಟ್ರು

ಮರ ಅಂದಾಗ ನೆನಪಾಯಿತು. ನಮ್ಮ ಅಪ್ಪನ ಕೋವಿ ಚುನಾವಣೆ ಬಂದಾಗೆಲ್ಲಾ ಪೊಲೀಸ್ ಠಾಣೆಗೆ ಡಿಪಾಸಿಟ್ ಆಗುತ್ತಿತ್ತು. ಒಂದು ಸಲ ಎರಡು ತಿಂಗಳು ಸೋರುವ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. ವಾಪಸ್ ಬಂದಾಗ ಮರ ಉಬ್ಬಿ ಬೋಲ್ಟೇ ಸರಿಯಾಗಿ ಮುಚ್ಚುತ್ತಿರಲಿಲ್ಲ. ಅಪ್ಪ ಆಗಲೂ "ಟ್ರಿಗರ್ ಕೆಟ್ಟಿದೆ" ಅಂತಲೇ ಹೇಳಿದ್ದು. ಈಗ ಯೋಚನೆ ಮಾಡಿದರೆ ಅದೂ ಮರದ್ದೇ ಕೆಲಸ ಇರಬೇಕು. ಡಿಪಾಸಿಟ್ ಮಾಡುವವರು ಎಣ್ಣೆ ಹಾಕಿದ ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿ ಕೊಡಿ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿ.

ಧಾರವಾಡ ಪೇಡೆ, ಹಡಪ್ಸರ್

ಮೌಸರಿನಲ್ಲೂ ಈ ಮರದ ತೊಂದರೆ ಇದೆಯಾ? ನಮ್ಮ ಸೋದರಮಾವನ ಹತ್ತಿರ ಹಳೇ 98 ಇದೆ.

ಟೂಲ್‌ರೂಮ್ ಕಾಕಾ, ಪಿಂಪ್ರಿ

ಇಲ್ಲ. ಅದರಲ್ಲಿ ಟ್ರಿಗರ್ ಸಿಯರಿಗೆ ತೂಗುತ್ತದೆ, ಸಿಯರ್ ಕಬ್ಬಿಣದ ಮೈಗೆ ತೂಗುತ್ತದೆ. ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿಯೇ ಮೌಸರಿಗೆ ಹೊಸ ಟ್ರಿಗರ್ ಕೂರಿಸುವುದು ಸುಲಭ. ಎನ್‌ಫೀಲ್ಡಿನವರಿಗೂ ಈ ತಪ್ಪು ಗೊತ್ತಾಗಿತ್ತು. ನಂಬರ್ 4 ಮಾರ್ಕ್ 2 ಅನ್ನುವ ಹೊಸ ಮಾದರಿ ಬಂದಾಗ ಟ್ರಿಗರನ್ನು ಗಾರ್ಡಿನಿಂದ ಬಿಡಿಸಿ ಕಬ್ಬಿಣದ ಮೈಗೇ ತೂಗುಹಾಕಿದರು. ಆದರೆ .315 ಹಳೇ ಮಾರ್ಕ್ 3 ಮಾದರಿಯ ದಾರಿಯಲ್ಲೇ ಬಂದದ್ದು.

ಸಾಗರದ ಹುಡುಗ, ಕೋಥ್ರೂಡ್

ಹನ್ನೊಂದು ದಿನ ಆಯಿತು, ಈಗ ಸುದ್ದಿ ಹೇಳುತ್ತೇನೆ.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ರಿಪೇರಿ ಲೈಸೆನ್ಸ್ ಇರುವ ಒಬ್ಬರ ಹತ್ತಿರ ಹೋದೆ. ಎಪ್ಪತ್ತು ದಾಟಿದ ಅಜ್ಜ. ಕೋವಿ ಕೈಗೆ ತೆಗೆದುಕೊಂಡು ಟ್ರಿಗರ್ ಮುಟ್ಟುವ ಮೊದಲೇ ಮರ ನೋಡಿ "ಹೇ ಲಾಕೂಡ್ ಕುಣೀ ಕೇಲಂ?" ಅಂತ ಕೇಳಿದರು. ಈ ಮರ ಯಾರು ಮಾಡಿದ್ದು ಅಂತ. ಗಾರ್ಡ್ ಬಿಚ್ಚಿದರು. ಕಾಕಾ ಹೇಳಿದ ಹಾಗೆ ಬುಷ್ ಇರಲೇ ಇಲ್ಲ. ಬರೀ ಮರದ ತೂತು. ತೂತಿನ ಸುತ್ತ ಗಾರ್ಡ್ ಒತ್ತಿ ಒತ್ತಿ ಮರ ಒಳಗೆ ಹೋಗಿತ್ತು.

ಅವರು ಉಕ್ಕಿನ ಬುಷ್ ಕಡೆದು ಹಾಕಿದರು. ಮೊದಲು ಸ್ವಲ್ಪ ಉದ್ದವೇ ಇಟ್ಟು, ಕೂರಿಸಿ ನೋಡಿ, ತೆಗೆದು ಚೂರು ಚೂರೇ ಅರ ಹಾಕಿ, ಮತ್ತೆ ಕೂರಿಸಿ. ಎರಡು ಗಂಟೆ ಇದೇ ಕೆಲಸ. ಒತ್ತಿಹೋದ ಮರಕ್ಕೆ ಸಾಗುವಾನಿ ತೇಪೆ ಕೂರಿಸಿದರು. ಸಿಯರ್ ಸಂದಿಯಿಂದ ಕಂದು ಬಣ್ಣದ ಅಂಟು ತೆಗೆದರು, ಬೆಲ್ಲದ ಪಾಕದ ಹಾಗಿತ್ತು. ಸಿಯರಿಗಾಗಲಿ ಟ್ರಿಗರಿಗಾಗಲಿ ಅರ ತಾಗಿಸಲಿಲ್ಲ. "ಇವೆರಡೂ ಹೊಸದರ ಥರ ಇವೆ" ಅಂದರು.

ಆಮೇಲೆ ಬೋಲ್ಟ್ ಜೋರಾಗಿ ಮುಚ್ಚುವ ಪರೀಕ್ಷೆ. ಅವರೇ ಮೂವತ್ತು ಸಲ ಮಾಡಿದರು. ಹಿಡಿಯ ಹಿಂಭಾಗವನ್ನು ರಬ್ಬರ್ ಹಾಸಿದ ನೆಲಕ್ಕೆ ಕುಟ್ಟಿಯೂ ನೋಡಿದರು. ಒಂದು ಸಲವೂ ಬೀಳಲಿಲ್ಲ.

ಮನೆಗೆ ಬಂದು ಲಗೇಜ್ ತೂಗುವ ಕೈತಕ್ಕಡಿಯ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಎಳೆದೆ. ಖಾಲಿ ಕೋವಿ, ಐದು ಸಲ. 2.6, 2.6, 2.7, 2.6, 2.6 ಕಿಲೋ. ಸಲೀಸು ಭಾಗ ವಾಪಸ್ ಬಂದಿದೆ. ಆಮೇಲೆ ತಡೆ. ಅಜ್ಜನ ತಡೆ.

ಹತ್ತು ಮೀಟರ್, ಮುಂಬಯಿ

ಐದರಲ್ಲಿ ನಾಲ್ಕು ಒಂದೇ ಅಂಕಿ! ಲಗೇಜ್ ತಕ್ಕಡಿಯಲ್ಲಿ ಇಷ್ಟು ಬಂದರೆ ಅದಕ್ಕಿಂತ ಏನು ಬೇಕು?

ಕಾಡು ಉಳಿಸಿ, ಪಣಜಿ

ಒಳ್ಳೆಯ ಸುದ್ದಿ. ತಾನಾಗಿ ಹಾರುವ ಕೋವಿ ಒಂದು ಕಡಿಮೆ ಆಯಿತು, ಇದಕ್ಕೆ ನನ್ನ ತಕರಾರಿಲ್ಲ.

ಹುಬ್ಳಿ ಟು ವಾಸ್ಕೋ

ಕಾಕಾ, ನಮ್ಮ ಮಾವನ ಕೋವಿಯ ಸಿಯರ್ ಉಜ್ಜಿಸಿದ್ದು ಅಂತ ಹೇಳಿದ್ದೆನಲ್ಲ. ಅದು ಒಂಟಿ ನಳಿಗೆಯದು. ಏನು ನೋಡಿಸಬೇಕು?

ಟೂಲ್‌ರೂಮ್ ಕಾಕಾ, ಪಿಂಪ್ರಿ

ಮೊದಲು ತೋಟೆ ಹಾಕುವುದು ನಿಲ್ಲಿಸಿಸಿ. ಲೈಸೆನ್ಸ್ ಇರುವವರ ಹತ್ತಿರ ಒಯ್ದು, ಸಿಯರಿನ ಅಂಚು ಭೂತಗನ್ನಡಿಯಲ್ಲಿ ನೋಡಿಸಿ. ಅಂಚು ದುಂಡಗಾಗಿದ್ದರೆ ಆ ಭಾಗ ಬದಲಿಸಬೇಕು, ಮತ್ತೆ ಉಜ್ಜುವುದಲ್ಲ. ಆಗ ನಿಮ್ಮ ಮೊದಲ ಸಲಹೆ, ಹೊಸದು ಹಾಕುವುದು, ಅದೇ ಸರಿ.

ಹುಬ್ಳಿ ಟು ವಾಸ್ಕೋ

ಈ ಭಾನುವಾರ ಮಾವನಿಗೆ ಫೋನ್ ಮಾಡುತ್ತೇನೆ. ಇಲ್ಲ, ಈಗಲೇ ಮಾಡುತ್ತೇನೆ.

ಮಡಿಕೇರಿ ಮಳೆ, ಔಂಧ್

ಸಾಗರದವರೇ, ಮರದ ಒಳಗೆ ಆಚಾರಿ ಏನಾದರೂ ಬರೆದಿದ್ದರಾ? ನಮ್ಮ ಕಡೆ ಕೋವಿಗೆ ಮರ ಮಾಡುವವರು ಒಳಗೆ ಗುರುತು ಹಾಕುತ್ತಿದ್ದರು.

ಸಾಗರದ ಹುಡುಗ, ಕೋಥ್ರೂಡ್

ಹೌದು! ಹೇಳಲು ಮರೆತೆ. ನಳಿಗೆ ಕೂರುವ ಕಾಲುವೆಯಲ್ಲಿ ಪೆನ್ಸಿಲಿನಲ್ಲಿ ಅಜ್ಜನ ಹೆಸರು, ಪಕ್ಕದಲ್ಲಿ "ಮುಂಗಡ 5 ರೂ." ಅಂತ ಇದೆ. ಅದರ ಕೆಳಗೆ ಕ್ಯಾಂಪಿನ ಅಜ್ಜ ಬುಷ್ ಹಾಕಿದ ತಾರೀಕು ಬರೆದು ಕೊಟ್ಟರು.